ವಾಲ್ವ್ ಬಿಟ್ಟು ಕದಲದ ಎರಡು

ಮಂಗಳವಾರ, ರಾತ್ರಿ.

ಆ ಎರಡು ಇನ್ನೂ ಅಲ್ಲೇ ನಿಂತಿರುತ್ತವೆ.

ಗ್ಯಾಸ್ ಸೋರುವ ಜಾಗ ಹುಡುಕಿ ಅಲ್ಲಿ ಗುಂಪುಗೂಡುವುದು ನಮ್ಮ ಕಾರ್ಖಾನೆಯ ಆರು ರೋಬೋಟ್‌ಗಳ ಕೆಲಸ. ಇವತ್ತು ನಾಲ್ಕು ಪಂಪಿನ ಹತ್ತಿರ ಸೇರಿದವು, ಎರಡು ಹಳೇ ವಾಲ್ವ್ ಮುಂದೆ ನಿಂತುಬಿಟ್ಟವು. ಮೇಲ್ವಿಚಾರಕರು ಎಂದಿನಂತೆ ನನ್ನ ಕಡೆ ತಿರುಗಿದರು. "ಮೂಗಣ್ಣ, ನೀನು ಮೂಸಿ ಹೇಳಿದ್ರೆ ಮುಗೀತು."

ಇಪ್ಪತ್ತು ವರ್ಷ ಈ ಮೂಗಿನಿಂದಲೇ ಅನ್ನ ತಿಂದೆ. ಆರು ತಿಂಗಳ ಹಿಂದೆ ಒಂದು ಜ್ವರ ಬಂದುಹೋದ ಮೇಲೆ ಅದಕ್ಕೆ ಯಾವ ವಾಸನೆಯೂ ಗೊತ್ತಾಗುತ್ತಿಲ್ಲ. ಯಾರಿಗೂ ಹೇಳಿಲ್ಲ, ಹೆಂಡತಿಗೂ. ಎರಡೂ ಕಡೆ ಬಗ್ಗಿ ಮೂಸಿದ ಹಾಗೆ ನಟಿಸಿ, ನಾಲ್ಕು ನಿಂತ ಕಡೆ ಕೈ ತೋರಿಸಿದೆ. ಪಂಪಿನಲ್ಲಿ ಬಿರುಕು ಸಿಕ್ಕಿತು. ಎಲ್ಲರೂ ಬೆನ್ನು ತಟ್ಟಿದರು.

"ಆ ಎರಡು ಕೆಟ್ಟಿರಬೇಕು, ಅಲ್ವಾ?" ಅಂದರು ಮೇಲ್ವಿಚಾರಕರು. ಹೂಂ ಅಂದುಬಿಟ್ಟೆ. ಬೆಳಿಗ್ಗೆ ಆರಕ್ಕೆ ಆ ವಾಲ್ವ್ ಪಕ್ಕದಲ್ಲೇ ವೆಲ್ಡಿಂಗ್ ಇದೆ. ಅಲ್ಲೂ ಗ್ಯಾಸ್ ಸೋರುತ್ತಿದ್ದರೆ ಒಂದು ಕಿಡಿ ಸಾಕು.

ಇಷ್ಟು ಬರೆಯುವಾಗಲೇ ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ಹಾಲು ಸೀದುಹೋಯ್ತು! ಇಲ್ಲೇ ಕೂತಿದ್ದೀರಲ್ರೀ, ವಾಸನೆ ಬರಲಿಲ್ವಾ?"

"ಇಲ್ಲ ಕಣೇ. ಆರು ತಿಂಗಳಿಂದ ಏನೂ ಬರ್ತಿಲ್ಲ."

ವಾಲ್ವ್ ವಿಷಯವನ್ನೂ ಹೇಳಿದೆ. ಅವಳು ಫೋನ್ ತಂದು ಈ ಪುಟದ ಮೇಲಿಟ್ಟಳು.

ಮೇಲ್ವಿಚಾರಕರಿಗೆ ಫೋನ್ ಮಾಡಿದ್ದೇನೆ, ರಿಂಗ್ ಆಗುತ್ತಿದೆ. ಎತ್ತಿದ ತಕ್ಷಣ ಹೇಳಿಬಿಡಬೇಕು, ಆ ಎರಡು ಕೆಟ್ಟಿಲ್ಲ ಸಾರ್, ಕೆಟ್ಟಿರೋದು ನನ್ನ ಮೂಗು ಅಂತ