ಆಲಿವ್ ಕಾಯಿಗೆ ಹೋದ ಹಲ್ಲು

ಮುಂಬೈ, ಮಂಗಳವಾರ

ತಂಗಿ ಪ್ರಮೀಳಾ,

ನಿನ್ನ ಭಾವನ ಮುಂದಿನ ಹಲ್ಲೊಂದನ್ನು ಬಿಟ್ಟರೆ ಎಲ್ಲರೂ ಕ್ಷೇಮ. ನಿನ್ನೆ ಮೇಘಶ್ರೀ ತನ್ನ ಆಫೀಸಿನ ಕೆಳಗಿರುವ ಲೆಬನಾನ್ ಹೋಟೆಲಿಗೆ ಊಟಕ್ಕೆ ಕರೆದೊಯ್ದಳು. ಉಬ್ಬಿದ ರೊಟ್ಟಿ, ಕಾಬೂಲಿ ಕಡಲೆ ರುಬ್ಬಿದ ಚಟ್ನಿ, ಪಕ್ಕದಲ್ಲಿ ಹಸಿರು ಆಲಿವ್ ಕಾಯಿ. ಚನ್ನಗಿರಿಯ ಮಂಡಿಯಲ್ಲಿ ಮೂವತ್ತು ವರ್ಷ ಅಡಿಕೆ ಕಚ್ಚಿಯೇ ದರ ಹೇಳಿದವರು ಸುಮ್ಮನಿರುತ್ತಾರೆಯೇ? "ಒಳಗೆ ಬೀಜ ಐತೆ, ನಿಧಾನ ತಿನ್ನಪ್ಪಾ" ಎಂದು ಮಗಳು ಹೇಳುವಷ್ಟರಲ್ಲಿ ಕಟ್ಟೆಂದಿತು. ಹಲ್ಲು ಚಟ್ನಿಗೆ ಬಿತ್ತು. "ಮಾಲು ಇನ್ನೂ ಹಸಿ ಐತೆ, ಒಣಗಾಕೆ ಬಿಟ್ಟಿಲ್ಲ ನೀವು" ಎಂದು ಸಪ್ಲೈಯರನನ್ನೇ ಬೈದರು! ಚಟ್ನಿ ಮಾತ್ರ ಬಲು ರುಚಿ. ಹಲ್ಲು ಎತ್ತಿಟ್ಟು ನಾನೇ ಮುಗಿಸಿದೆ.

ಹೊಸ ಹಲ್ಲು ಕಟ್ಟಿಸಿಕೊಂಡು ಶನಿವಾರ ಬರುತ್ತೇವೆ. ಮಂಡಿಯಲ್ಲಿ ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಾನೇಕೆ ಹೇಳಲಿ? ನಿನ್ನ ಮನೆ ನಂಬರು ನೆನಪಿಲ್ಲ, ಈ ಅಂಚೆ ಕಾರ್ಡನ್ನು ಮಂಡಿಯ ವಿಳಾಸಕ್ಕೇ ಹಾಕುತ್ತಿದ್ದೇನೆ.

ನಿನ್ನಕ್ಕ
ದಾಕ್ಷಾಯಣಿ