ಅಲ್ಪಕಾಲದ ಅಸ್ವಸ್ಥತೆ

ಅಣ್ಣಾ,

ನೀನು ಹೋಗಿ ನಾಳೆಗೆ ಇಪ್ಪತ್ತೈದು ವರ್ಷ. ಪತ್ರಿಕೆ ಕಚೇರಿಗೆ ಹೋಗಿ ಸ್ಮರಣೆಯ ಜಾಹೀರಾತು ಕೊಟ್ಟು ಬಂದೆ. ‘ಏಡ್ಸ್‌ನಿಂದ ತೀರಿಕೊಂಡ ಅಣ್ಣನಿಗೆ’ ಎಂದು ಬರೆದದ್ದನ್ನು ನೋಡಿ ಕೌಂಟರಿನಾಕೆ ತಡವರಿಸಿದಳು.

“ಸಾರ್, ‘ಅಲ್ಪಕಾಲದ ಅಸ್ವಸ್ಥತೆ’ ಅಂತ ಹಾಕೋಣ್ವಾ? ಎಲ್ಲರೂ ಹಾಗೇ ಹಾಕಿಸೋದು.”

“ಮೂರು ವರ್ಷ ನರಳಿದವನಿಗೆ ಅಲ್ಪಕಾಲ ಏನಮ್ಮಾ? ಹೃದಯಾಘಾತ ಅಂದಿದ್ರೆ ಹೀಗೆ ಕೇಳ್ತಿದ್ರಾ?” ಎಂದು ರೇಗಿದೆ. ನೀನು ಹೋದಾಗ ನಿಧನದ ಸುದ್ದಿಗೆ ಇದೇ ಸುಳ್ಳನ್ನು ಬರೆದುಕೊಟ್ಟವನು ನಾನೇ ಎಂದು ಅವಳಿಗೇನು ಗೊತ್ತು.

“ಕೊನೆಗೆ ‘ದುಃಖತಪ್ತ ಕುಟುಂಬ ವರ್ಗ’ ಅಂತ ತಾನೇ?”

“ಬೇಡ. ‘ಅಣ್ಣನಿಂದ ಓದು ಕಲಿತ ತಮ್ಮ, ಕೃತಜ್ಞತೆಯಿಂದ’ ಅಂತ ಬರೀರಿ.”

ಕುಟುಂಬ ವರ್ಗವೆಂದರೆ ನಿನ್ನ ಕೋಣೆಯ ಬಾಗಿಲಾಚೆ ನಿಂತೇ ಮಾತಾಡಿಸಿದವರು. ನಿನ್ನ ಕಣ್ಣು ಮಂಜಾದ ಮೇಲೆ ಒಂದು ಪುಟ ಓದಿ ಹೇಳಲು ಯಾರೂ ಒಳಗೆ ಬರಲಿಲ್ಲ, ನಾನೂ.