ಮಂಚದ ಕೆಳಗಿನ ಕಲ್ಲು

೧೪ ಡಿಸೆಂಬರ್ ೨೦೨೪, ಶನಿವಾರ. ವಾಡಿ.

ನೆಲಕ್ಕೆ ಹಾಸುವ ಫರ್ಶಿಕಲ್ಲಿನ ಆ ಒಂದು ಚೂರು ಸಂಜೆಯಿಂದ ತಲೆಯಲ್ಲೇ ಕೂತಿದೆ.

ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ಮಗಳು ಲುಂಬಿನಿ ರಜೆಗೆ ಬಂದಿದ್ದಾಳೆ. ಅಷ್ಟು ನಡುಗುವ ಯಂತ್ರದಲ್ಲಿ ಪೈಲಟ್ ಹೇಗೆ ಕೂರುತ್ತಾನೆಂದು ಕೇಳಿದೆ.

"ಸೀಟಿನ ಕೆಳಗ ಸ್ಪ್ರಿಂಗಿಗೆ ಒಂದು ತೂಕ ಕಟ್ತೀವಿ ಅಪ್ಪಾ. ನಡುಕ ಎಲ್ಲಾ ಅದು ತಗೋತದ, ಸೀಟು ಸುಮ್ಮನಿರ್ತದ."

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಿವಕಾಂತಮ್ಮನ ಕೈ ನಿಂತಿತು. ನನ್ನತ್ತ ನೋಡಿದಳು.

ಮದುವೆಯಾದ ಹೊಸದರಲ್ಲಿ ನಮ್ಮದು ಹಿಟ್ಟಿನ ಗಿರಣಿಯ ಹಿಂದಿನ ಒಂದೇ ಕೋಣೆ. ಗಿರಣಿ ಶುರುವಾದರೆ ಮಂಚ ನಡುಗಿ, ಕೂಸಾಗಿದ್ದ ಲುಂಬಿನಿ ಎದ್ದು ಅಳುತ್ತಿದ್ದಳು. ಒಂದು ದಿನ ನೋಡಿದರೆ ಮಂಚದ ಕೆಳಗೆ ಸೈಕಲ್ ಟ್ಯೂಬಿನಲ್ಲಿ ಫರ್ಶಿಚೂರು ತೂಗುತ್ತಿದೆ. ಹೆಂಡತಿ ದೃಷ್ಟಿಗೆ ಕಟ್ಟಿದ್ದಾಳೆಂದುಕೊಂಡೆ. ಬುದ್ಧನ ಫೋಟೊ ಇರುವ ಮನೆಯಲ್ಲಿ ಇದೆಂಥ ಮೂಢನಂಬಿಕೆಯೆಂದು ಕೊಯ್ದು ಬಿಸಾಕಿದೆ.

"ನಾಕ್ ಕಲ್ಲು ಬದಲಿಸಿದ ಮ್ಯಾಲ ಮಂಚದ ನಡುಕ ನಿಂತಿತ್ರಿ," ಅಂದಳು ಶಿವಕಾಂತಮ್ಮ ಇವತ್ತು. "ಹೇಳಾಕ ಬಂದ್ರ ನೀವು ಭಾಷಣ ಶುರು ಮಾಡಿದ್ರಿ."

"ಯವ್ವಾ, ಇದಕ್ಕ ನಮ್ಮಲ್ಲಿ ಪಗಾರ ಕೊಡ್ತಾರ!" ಎಂದು ಮಗಳು ನಕ್ಕಳು.

ಹೆಂಡತಿಯ ದೃಷ್ಟಿಕಲ್ಲಿನ ಕಥೆ ಹೇಳಿ ನಾನು ಚಿತ್ತಾಪುರದವರೆಗೆ ಜನರನ್ನು ನಗಿಸಿದವನು. ದಡ್ಡ ನಾನೇ ಎಂದು ಎಲ್ಲರಿಗೂ ತಿರುಗಿ ಹೇಳಿ ಬರೋಣವೆಂದರೆ, ಅಂದು ನಕ್ಕವರಲ್ಲಿ ಅರ್ಧ ಮಂದಿ ಈಗ ಇಲ್ಲ.